ಮೇಜಿನ ಮೇಲೊಂದು ರಣರಂಗ

ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಗುಡ್ಡ, ತೋಪು, ಹಳ್ಳ, ಹಾಳುಗೋಡೆಗಳ ಪುಟ್ಟ ಮಾದರಿಗಳನ್ನು ಅಲ್ಲಲ್ಲಿ ಇರಿಸಿ, ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಬಣ್ಣದ ಸೈನಿಕರನ್ನು ಎರಡು ಪಕ್ಷಗಳಾಗಿ ನಿಲ್ಲಿಸಿ, ಅಳತೆಯ ಟೇಪು ಮತ್ತು ದಾಳಗಳ ನೆರವಿನಿಂದ ಒಂದು ಕಾಳಗವನ್ನು ನಿಯಮಬದ್ಧವಾಗಿ ನಡೆಸುವ ಆಟಕ್ಕೆ ‘ಮಿನಿಯೇಚರ್ ವಾರ್‌ಗೇಮ್’ ಎಂಬ ಹೆಸರಿದೆ. ಕನ್ನಡದಲ್ಲಿ ಇದನ್ನು ಸರಳವಾಗಿ ಯುದ್ಧದಾಟ ಎನ್ನಬಹುದು. ಚದುರಂಗದಂತೆ ಇದೂ ಇಬ್ಬರು ಎದುರುಬದುರು ಕುಳಿತು ಆಡುವ ಆಟವೇ ಆದರೂ ಎರಡರ ನಡುವಿನ ಅಂತರ ದೊಡ್ಡದು. ಇಲ್ಲಿ ಮನೆಗಳಿಲ್ಲ, ಕಾಯಿಗಳು ಇಂಚುಗಳ ಲೆಕ್ಕದಲ್ಲಿ ಯಾವ ದಿಕ್ಕಿಗಾದರೂ ಸಾಗುತ್ತವೆ. ಎರಡು ಪಕ್ಷಗಳ ಬಲ ಒಂದೇ ಬಗೆಯದಾಗಿರಬೇಕೆಂಬ ಕಟ್ಟಳೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಚದುರಂಗದಲ್ಲಿ ಆನೆಯನ್ನು ನಡೆಸಿದರೆ ಅದು ನಡೆದೇ ತೀರುತ್ತದೆ, ಯುದ್ಧದಾಟದಲ್ಲಿ ಕೊಟ್ಟ ಆಜ್ಞೆ ದೂರ, ದೃಷ್ಟಿ, ನೆಲದ ಏರಿಳಿತ ಮತ್ತು ದಾಳಗಳನ್ನು ದಾಟಿಕೊಂಡು ಹೋಗಿ ಒಮ್ಮೆ ಫಲಿಸುತ್ತದೆ, ಒಮ್ಮೆ ಫಲಿಸುವುದಿಲ್ಲ. ಆಜ್ಞೆಗೂ ಫಲಕ್ಕೂ ನಡುವೆ ಇರುವ ಈ ಅಂತರವೇ ಆಟದ ಜೀವಾಳ. ಏನನ್ನು ಕೊಳ್ಳಬೇಕು, ಎಷ್ಟು ಕೊಳ್ಳಬೇಕು, ಎಲ್ಲಿಂದ ಕಲಿಯಬೇಕು ಎಂಬ ಹೊಸಬರ ಪ್ರಶ್ನೆಗಳಿಗೆ ಉತ್ತರ ಹೊರಡುವುದೂ ಇಲ್ಲಿಂದಲೇ.

ಆಟದ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಅದು ಭಾರತದ ಚತುರಂಗಕ್ಕೇ ಬಂದು ಮುಟ್ಟುತ್ತದೆ. ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳನ್ನು ಹಲಗೆಯ ಮೇಲೆ ತಂದ ಆ ಆಟ ಪರ್ಷಿಯಾ ಮತ್ತು ಅರಬ್ ನಾಡುಗಳನ್ನು ಹಾದು ಯುರೋಪು ಸೇರಿದ ಮೇಲೆ, 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಯೋಹಾನ್ ಹೆಲ್ವಿಗ್ ಎಂಬ ಗಣಿತದ ಅಧ್ಯಾಪಕ ಅದರ ಹಲಗೆಯನ್ನು 1,617 ಮನೆಗಳಿಗೆ ಹಿಗ್ಗಿಸಿ, ಮನೆಗಳಿಗೆ ಬೆಟ್ಟ, ನೀರು, ಜೌಗು ಎಂದು ಬಣ್ಣದಿಂದ ಗುರುತು ಮಾಡಿ, ಫಿರಂಗಿಗಳನ್ನೂ ಸೇರಿಸಿ ಹೊಸ ಆಟವೊಂದನ್ನು ಪ್ರಕಟಿಸಿದ. ಮನೆಗಳ ಬಂಧನವನ್ನೇ ಕಿತ್ತುಹಾಕಿದವರು ಪ್ರಷ್ಯಾದ ರೈಸ್‌ವಿಟ್ಸ್ ಎಂಬ ತಂದೆ ಮತ್ತು ಮಗ. ತಂದೆ 1812ರಲ್ಲಿ ರಾಜನಿಗಾಗಿ ನೆಲದ ಮಾದರಿಗಳನ್ನು ಜೋಡಿಸಬಹುದಾದ ಒಂದು ಮೇಜನ್ನೇ ಮಾಡಿಸಿಕೊಟ್ಟ. ಸೈನ್ಯಾಧಿಕಾರಿಯಾಗಿದ್ದ ಮಗ 1824ರಲ್ಲಿ 1:8000 ಪ್ರಮಾಣದ ನಿಜವಾದ ನಕ್ಷೆಯ ಮೇಲೆ ಕೆಂಪು ಮತ್ತು ನೀಲಿ ತುಂಡುಗಳಿಂದ ಆಡುವ ನಿಯಮಗಳನ್ನು ಹೊರತಂದ. ಅದರಲ್ಲಿ ಒಂದು ಸರದಿಯೆಂದರೆ ರಣರಂಗದ 2 ನಿಮಿಷ. ಗುಂಡಿನ ದಾಳಿಯ ಫಲವನ್ನು ದಾಳ ಹೇಳುತ್ತಿತ್ತು, ಎರಡೂ ಪಕ್ಷಗಳ ಆಜ್ಞೆಗಳನ್ನು ಓದಿ ಯಾರಿಗೆ ಏನು ಕಾಣುತ್ತದೆಂದು ತೀರ್ಮಾನಿಸಲು ಒಬ್ಬ ಮಧ್ಯಸ್ಥನಿದ್ದ. ಪ್ರಷ್ಯಾದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಇದನ್ನು ನೋಡಿ ಮೆಚ್ಚಿ ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದ್ದರಿಂದ, ಅಲ್ಲಿಯವರೆಗೆ ವಿನೋದವಾಗಿದ್ದದ್ದು ಅಧಿಕಾರಿಗಳ ಪಾಠವಾಯಿತು. ಅದೇ ವರ್ಷಗಳಲ್ಲಿ ಮೈಸೂರಿನ ಸಿಂಹಾಸನದಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರೂ ಹಲಗೆಯಾಟಗಳಲ್ಲಿ ಆಳವಾಗಿ ತೊಡಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಇಂಥ ಆಟಗಳಿಗೇ ಮೀಸಲು. ಎರಡು ಪ್ರಯತ್ನಗಳ ನಡುವೆ ನೇರ ಸಂಬಂಧವಿಲ್ಲ. ಆದರೆ ಒಂದೇ ಕಾಲದಲ್ಲಿ ಚತುರಂಗದ ಎರಡು ಕವಲುಗಳು ಎರಡು ದಿಕ್ಕಿಗೆ ಬೆಳೆಯುತ್ತಿದ್ದುದು ಕನ್ನಡದ ಓದುಗರು ಗಮನಿಸಬೇಕಾದ ಸಂಗತಿ.

ಸೈನ್ಯದ ಕೊಠಡಿಯಿಂದ ಆಟವನ್ನು ಮನೆಯ ನೆಲಕ್ಕೆ ತಂದವರಲ್ಲಿ ಇಬ್ಬರು ಇಂಗ್ಲಿಷ್ ಸಾಹಿತಿಗಳ ಹೆಸರು ಮೊದಲು ಬರುತ್ತದೆ. ರಾಬರ್ಟ್ ಲೂಯಿ ಸ್ಟೀವನ್‌ಸನ್ 1880ರ ದಶಕದ ಆರಂಭದಲ್ಲಿ ಸ್ವಿಟ್ಸರ್ಲೆಂಡಿನ ದಾವೋಸ್‌ನಲ್ಲಿ ಚಳಿಗಾಲ ಕಳೆಯುವಾಗ ಮಲಮಗನೊಡನೆ ತವರದ ಸೈನಿಕರನ್ನು ಹೂಡಿ ದೀರ್ಘ ಯುದ್ಧಗಳನ್ನು ಆಡುತ್ತಿದ್ದ. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕವನ್ನೇ ಬರೆದ. ಅದರ ಹಿಂದೆ ಒಂದು ಕೈಗಾರಿಕೆಯ ಕಾರಣವೂ ಇತ್ತು: 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ ಕುಟುಂಬ ಸೀಸದ ಗೊಂಬೆಗಳನ್ನು ಟೊಳ್ಳಾಗಿ ಎರಕ ಹೊಯ್ಯುವ ವಿಧಾನವನ್ನು ಕಂಡುಕೊಂಡದ್ದರಿಂದ ಲೋಹ ಉಳಿದು ಬೆಲೆ ಇಳಿದು, ಮಧ್ಯಮ ವರ್ಗದ ಮನೆಗಳಲ್ಲೂ ಸೈನಿಕರ ಪೆಟ್ಟಿಗೆಗಳು ತುಂಬಿದ್ದವು. ವೆಲ್ಸನ ಆಟದಲ್ಲಿ ಕಾಲಾಳು ಒಂದು ಸರದಿಗೆ 1 ಅಡಿ, ಕುದುರೆ ಸವಾರ 2 ಅಡಿ ಸಾಗುತ್ತಿದ್ದರು. ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಹಾರಿದ ಮರದ ಚಿಕ್ಕ ತುಂಡು ತಾಗಿ ಬಿದ್ದವನು ಸತ್ತಂತೆ. ಕೊನೆಯ ಪುಟಗಳಲ್ಲಿ ಅವನು ಇಂಥ ಪುಟ್ಟ ಯುದ್ಧವೇ ನಿಜದ ಯುದ್ಧಕ್ಕಿಂತ ಎಷ್ಟೋ ಮೇಲೆಂದು ವಾದಿಸಿ, ಮಹಾಯುದ್ಧವೆಂಬುದು ಎಂಥ ಅವಿವೇಕವೆಂದು ತಿಳಿಯಲು ಈ ಆಟವೇ ಸಾಕೆಂದು ಬರೆದ. ಮರುವರ್ಷವೇ ಯುರೋಪು ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು.

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಆಟ ಕ್ಲಬ್ಬುಗಳ ರೂಪ ಪಡೆಯಿತು. 1962ರಲ್ಲಿ ಬಂದ ಡೊನಾಲ್ಡ್ ಫೆದರ್‌ಸ್ಟೋನ್‌ನ ಪುಸ್ತಕ ಒಂದು ತಲೆಮಾರಿಗೆ ದಾರಿ ತೋರಿತು. 1975ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಕಾಲ್ಪನಿಕ ಲೋಕದ ಆಟವನ್ನೂ, 1987ರಲ್ಲಿ ದೂರದ ಭವಿಷ್ಯದಲ್ಲಿ ನಡೆಯುವ ‘ವಾರ್‌ಹ್ಯಾಮರ್ 40,000’ ಆಟವನ್ನೂ ತಂದ ಮೇಲೆ ಇದು ಜಗತ್ತಿನ ಅನೇಕ ದೇಶಗಳ ಅಂಗಡಿಗಳಿಗೆ ಹಬ್ಬಿತು. ಆ ಸಂಸ್ಥೆ ನೆಲೆಸಿರುವ ನಾಟಿಂಗ್‌ಹ್ಯಾಮ್ ನಗರದ ಸುತ್ತ ಇಂದು ವಾರ್‌ಲಾರ್ಡ್ ಗೇಮ್ಸ್, ಪೆರಿ ಮಿನಿಯೇಚರ್ಸ್ ಮುಂತಾದ ಹಲವು ತಯಾರಕರಿದ್ದಾರೆ. ಹೊಸಬರ ಕಿವಿಗೆ ಮೊದಲು ಬೀಳುವ ಹೆಸರು ವಾರ್‌ಹ್ಯಾಮರ್ ಆಗಿರುವುದರಿಂದ ಆಟವೆಂದರೆ ಅದೊಂದೇ ಎಂಬ ಭಾವನೆ ಮೂಡುವುದು ಸಹಜ. ವಾಸ್ತವದಲ್ಲಿ ಪ್ರಾಚೀನ ರೋಮಿನಿಂದ ಎರಡನೆಯ ಮಹಾಯುದ್ಧದವರೆಗೆ, ಮಾಂತ್ರಿಕರ ಹಾಳೂರಿನಿಂದ ಅಂತರಿಕ್ಷದವರೆಗೆ ನೂರಾರು ನಿಯಮಾವಳಿಗಳಿವೆ, ಅವುಗಳಲ್ಲಿ ಅನೇಕವು ತೆಳ್ಳನೆಯ ಒಂದು ಪುಸ್ತಕದಲ್ಲಿ ಮುಗಿಯುತ್ತವೆ.

ಒಂದು ಸರದಿಯಲ್ಲಿ ಏನು ನಡೆಯುತ್ತದೆಂದು ಬಿಡಿಸಿ ನೋಡಿದರೆ ಆಟದ ಒಳಗುಟ್ಟು ತಿಳಿಯುತ್ತದೆ. ಆಟಗಾರ ತನ್ನ ತುಕಡಿಯೊಂದನ್ನು, ಅಂದರೆ ಒಟ್ಟಾಗಿ ಚಲಿಸುವ ಸೈನಿಕರ ಗುಂಪೊಂದನ್ನು, ಅನೇಕ ನಿಯಮಾವಳಿಗಳಲ್ಲಿ ರೂಢಿಯಲ್ಲಿರುವಂತೆ 6 ಇಂಚು ಮುಂದಕ್ಕೆ ಸರಿಸುತ್ತಾನೆ. ಸೈನಿಕನ ಕಣ್ಣಿನ ಮಟ್ಟಕ್ಕೆ ತನ್ನ ತಲೆ ಬಗ್ಗಿಸಿ ಎದುರಾಳಿ ಕಾಣುತ್ತಾನೋ ಇಲ್ಲವೋ ಎಂದು ಪರೀಕ್ಷಿಸುತ್ತಾನೆ. ದೂರವನ್ನು ಅಳೆದು ಗುಂಡಿನ ದಾಳಿ ಮಾಡುತ್ತಾನೆ. ಹಲವು ನಿಯಮಾವಳಿಗಳಲ್ಲಿ ಈ ದಾಳಿಗೆ ಮೂರು ಹಂತಗಳಿವೆ. ಹದಿನೆಂಟು ಗುಂಡುಗಳಿಗೆ ಹದಿನೆಂಟು ದಾಳ ಉರುಳಿಸಿದಾಗ 3 ಅಥವಾ ಹೆಚ್ಚು ಬಿದ್ದವು ಗುರಿ ಮುಟ್ಟಿದವು ಎಂದಾದರೆ ಸರಾಸರಿ 12 ಉಳಿಯುತ್ತವೆ; ಅವುಗಳಲ್ಲಿ 4 ಅಥವಾ ಹೆಚ್ಚು ಬಿದ್ದವು ಗಾಯ ಮಾಡಿದವು ಎಂದಾದರೆ 6 ಉಳಿಯುತ್ತವೆ; ಎದುರಾಳಿ ತನ್ನ ಕವಚದ ಬಲದಿಂದ 5 ಅಥವಾ 6 ಬಿದ್ದಾಗ ಬದುಕಿಕೊಳ್ಳುವುದಾದರೆ ಕೊನೆಗೆ 4 ಸೈನಿಕರು ಬೀಳುತ್ತಾರೆ. ಇದು ಸರಾಸರಿಯ ಲೆಕ್ಕ ಮಾತ್ರ. ಸಂಭವನೀಯತೆಯ ಗಣಿತದಂತೆ ನೂರಕ್ಕೆ ಸುಮಾರು 85 ಸಲ ಬೀಳುವವರ ಸಂಖ್ಯೆ 2ರಿಂದ 6ರ ಒಳಗಿರುತ್ತದೆ, ನೂರರಲ್ಲಿ ಒಂದು ಸಲ ಒಬ್ಬನೂ ಬೀಳುವುದಿಲ್ಲ. ಆ ಒಂದು ಸಲ ಬಂದರೂ ತನ್ನ ಯೋಜನೆ ಕುಸಿಯದಂತೆ ಇನ್ನೊಂದು ತುಕಡಿಯನ್ನು ಹಿಂದೆ ಕಾಯ್ದಿರಿಸಿಕೊಂಡವನೇ ಪಳಗಿದ ಆಟಗಾರ. ದಾಳಗಳಿವೆ, ಆದ್ದರಿಂದ ಇದು ಅದೃಷ್ಟದ ಆಟ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಪಗಡೆಯಲ್ಲಿ ಹೇಗೋ ಹಾಗೆ ಇಲ್ಲಿಯೂ ಗರ ಯಾರ ಕೈಯಲ್ಲೂ ಇಲ್ಲ, ಬಿದ್ದ ಗರವನ್ನು ಬಳಸಿಕೊಳ್ಳುವ ಜಾಣ್ಮೆ ಮಾತ್ರ ಕೈಯಲ್ಲಿದೆ.

ಆಜ್ಞೆಯೇ ಅನಿಶ್ಚಿತವಾಗುವ ನಿಯಮಗಳು ಇದಕ್ಕಿಂತ ಸೂಕ್ಷ್ಮವಾದವು. 1990ರಲ್ಲಿ ಫಿಲ್ ಬಾರ್ಕರ್ ಮತ್ತು ಸಂಗಡಿಗರು ರೂಪಿಸಿದ, ಸಂಕ್ಷೇಪವಾಗಿ ‘ಡಿಬಿಎ’ ಎಂದು ಕರೆಯುವ ಪ್ರಾಚೀನ ಮತ್ತು ಮಧ್ಯಯುಗೀನ ಕಾಳಗಗಳ ನಿಯಮಾವಳಿಯಲ್ಲಿ ಪ್ರತಿಯೊಂದು ಸೇನೆಗೂ ಹನ್ನೆರಡೇ ಘಟಕಗಳು. ಒಂದು ಘಟಕವೆಂದರೆ ಒಂದೇ ತಟ್ಟೆಯ ಮೇಲೆ ಅಂಟಿಸಿದ ಕೆಲವು ಸೈನಿಕರು. ಸರದಿಯ ಆರಂಭದಲ್ಲಿ ಆಟಗಾರ ಒಂದು ದಾಳ ಉರುಳಿಸುತ್ತಾನೆ. ಬಿದ್ದ ಸಂಖ್ಯೆಯಷ್ಟು ಚಲನೆಗಳು ಮಾತ್ರ ಅವನ ಪಾಲಿಗೆ ಸಿಗುತ್ತವೆ. ಒಂದಕ್ಕೊಂದು ತಾಗಿಕೊಂಡು ಸಾಲಾಗಿ ನಿಂತ ಘಟಕಗಳೆಲ್ಲ ಒಟ್ಟಿಗೆ ಮುನ್ನಡೆದರೆ ಅದು ಒಂದೇ ಚಲನೆ, ಸಾಲು ಒಡೆದುಹೋದರೆ ಪ್ರತಿ ಚೂರಿಗೂ ಬೇರೆ ಬೇರೆ ಚಲನೆ. ಆದ್ದರಿಂದ ವ್ಯೂಹ ಕೆಡದಿರುವವರೆಗೆ 1 ಬಿದ್ದರೂ ಇಡೀ ಸೇನೆ ಮುಂದುವರಿಯುತ್ತದೆ, ಒಮ್ಮೆ ಕೈಕೈ ಮಿಲಾಯಿಸಿ ಸಾಲು ಚದುರಿದ ಮೇಲೆ 6 ಬಿದ್ದರೂ ಸಾಲದಾಗುತ್ತದೆ. ಹಳೆಯ ಕಾಲದ ಸೇನಾಪತಿಗಳು ವ್ಯೂಹಕ್ಕೆ ಅಷ್ಟು ಮಹತ್ವ ಕೊಟ್ಟದ್ದೇಕೆ, ಕಾಳಗ ಕೂಡಿದ ನಂತರ ಅವರ ಮಾತು ನಡೆಯುತ್ತಿರಲಿಲ್ಲವೇಕೆ ಎಂದು ಇತಿಹಾಸದ ಹತ್ತು ಪುಟಗಳು ವಿವರಿಸುವುದನ್ನು ಈ ಒಂದು ದಾಳ ಅರ್ಧ ಗಂಟೆಯಲ್ಲಿ ಅನುಭವಕ್ಕೆ ತಂದುಕೊಡುತ್ತದೆ. ಎರಡನೆಯ ಮಹಾಯುದ್ಧವನ್ನು ಕುರಿತ ‘ಬೋಲ್ಟ್ ಆ್ಯಕ್ಷನ್’ ಎಂಬ 2012ರ ಆಟದಲ್ಲಿ ಇದೇ ಗುರಿಗೆ ಇನ್ನೊಂದು ಉಪಾಯವಿದೆ: ಎರಡೂ ಪಕ್ಷಗಳ ಪ್ರತಿ ತುಕಡಿಗೆ ಒಂದರಂತೆ ಎರಡು ಬಣ್ಣದ ದಾಳಗಳನ್ನು ಚೀಲಕ್ಕೆ ಹಾಕಿ ಒಂದೊಂದಾಗಿ ತೆಗೆಯುತ್ತಾರೆ, ಯಾರ ಬಣ್ಣ ಬಂದರೆ ಅವರು ಒಂದು ತುಕಡಿಗೆ ಆಜ್ಞೆ ಕೊಡುತ್ತಾರೆ.

ಹೊಸಬರು ಎಡವುವುದು ಸಾಮಾನ್ಯವಾಗಿ ನಿಯಮಗಳಲ್ಲಲ್ಲ, ಖರೀದಿಯಲ್ಲಿ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿರುವ ನೂರು ಸೈನಿಕರ ಸೇನೆಯನ್ನು ಕಂಡು ಅಷ್ಟನ್ನೂ ಒಮ್ಮೆಗೇ ಕೊಂಡವರು, ಅವುಗಳನ್ನು ಜೋಡಿಸಿ ಬಣ್ಣ ಹಚ್ಚುವ ಕೆಲಸ ತಿಂಗಳುಗಟ್ಟಲೆಯದೆಂದು ಅರಿವಾದಾಗ ಕೈಚೆಲ್ಲುತ್ತಾರೆ, ಬೂದು ಬಣ್ಣದ ಪ್ಲಾಸ್ಟಿಕ್ಕಿನ ರಾಶಿ ಅಟ್ಟ ಸೇರುತ್ತದೆ. ಆದ್ದರಿಂದ ಎರಡು ಪಕ್ಷಕ್ಕೂ ಸೇರಿ ಇಪ್ಪತ್ತರಷ್ಟು ಸೈನಿಕರು ಸಾಕಾಗುವ ಆಟದಿಂದ ತೊಡಗುವುದೇ ವಿವೇಕ. 2015ರ ‘ಫ್ರಾಸ್ಟ್‌ಗ್ರೇವ್’ ಆಟದಲ್ಲಿ ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ ಮತ್ತು ಹೆಚ್ಚೆಂದರೆ ಎಂಟು ಜನ ಬಾಡಿಗೆ ಸೈನಿಕರು, 3 ಅಡಿ ಚೌಕದ ಮೇಜು ಇದ್ದರೆ ಸಾಕು. ವಾರ್‌ಹ್ಯಾಮರ್ ಲೋಕವೇ ಬೇಕೆನ್ನುವವರಿಗೆ ಅದರದೇ ಚಿಕ್ಕ ರೂಪವಾದ ‘ಕಿಲ್ ಟೀಮ್’ ಇದೆ. ಇನ್ನೂ ಮುಖ್ಯವಾದ ಸಲಹೆಯೆಂದರೆ ಒಂದೂ ಗೊಂಬೆಯನ್ನು ಕೊಳ್ಳುವ ಮೊದಲು ರಟ್ಟಿನ ತುಂಡುಗಳಿಂದ ಆಟವನ್ನು ಆಡಿ ನೋಡುವುದು. ಡಿಬಿಎ ಆಟವನ್ನು 2 ಅಡಿ ಚೌಕದಲ್ಲಿ, 40 ಮಿ.ಮೀ. ಅಗಲಕ್ಕೆ ಕತ್ತರಿಸಿ ‘ಆನೆ’, ‘ಬಿಲ್ಲಾಳು’, ‘ಕುದುರೆ’ ಎಂದು ಬರೆದ ಇಪ್ಪತ್ತನಾಲ್ಕು ರಟ್ಟುಗಳಿಂದ ಪೂರ್ತಿಯಾಗಿ ಆಡಬಹುದು, ಅದು ಒಂದು ಗಂಟೆಯೊಳಗೆ ಮುಗಿಯುತ್ತದೆ. ಅದರ ಸೇನೆಗಳ ಪಟ್ಟಿಯಲ್ಲಿ ಪ್ರಾಚೀನ ಮತ್ತು ಮಧ್ಯಯುಗದ ಭಾರತೀಯ ಸೇನೆಗಳೂ ಇರುವುದರಿಂದ ಕನ್ನಡದ ಓದುಗರು ತಮಗೆ ಪರಿಚಿತವಾದ ಇತಿಹಾಸದಿಂದಲೇ ಆರಂಭಿಸಲು ಅಡ್ಡಿಯಿಲ್ಲ. ಚಿತ್ರವಿಲ್ಲದ ರಟ್ಟು ಬೇಸರ ತಂದರೆ ಕಾಗದದ ಸೈನಿಕರಿದ್ದಾರೆ. ಬ್ರಿಟನ್ನಿನ ಚಿತ್ರಕಾರ ಪೀಟರ್ ಡೆನಿಸ್ ಬರೆದ ಪುಸ್ತಕಗಳಲ್ಲಿ ಕತ್ತರಿಸಿ ನಿಲ್ಲಿಸಬಹುದಾದ ಇಡೀ ಸೇನೆಗಳೇ ಇವೆ.

ಗೊಂಬೆಗಳ ಅಳತೆಯನ್ನು ಆರಿಸುವಾಗ ಒಂದು ಮಾತು ತಿಳಿದಿರಬೇಕು. 28 ಮಿ.ಮೀ., 15 ಮಿ.ಮೀ., 6 ಮಿ.ಮೀ. ಎಂಬುವು ನಿಂತ ಮನುಷ್ಯನ ಎತ್ತರದ ಸ್ಥೂಲ ಸೂಚನೆಗಳು. 28 ಬಣ್ಣ ಹಚ್ಚುವವರಿಗೆ ಪ್ರಿಯ, 6 ದೊಡ್ಡ ಸೇನೆಗಳ ನೋಟ ಬಯಸುವವರಿಗೆ. ಆದರೆ ಗೊಂಬೆಯ ಅಳತೆಯೂ ನೆಲದ ಅಳತೆಯೂ ಒಂದೇ ಅಲ್ಲ. 28 ಮಿ.ಮೀ. ಸೈನಿಕನ ಲೆಕ್ಕದಲ್ಲಿ 300 ಮೀಟರ್ ದೂರವೆಂದರೆ ಮೇಜಿನ ಮೇಲೆ 5 ಮೀಟರಿಗಿಂತ ಹೆಚ್ಚಾಗುತ್ತದೆ, ಅಷ್ಟು ದೊಡ್ಡ ಮೇಜು ಯಾರ ಮನೆಯಲ್ಲೂ ಇರದು; ಆದ್ದರಿಂದ ನಿಯಮಾವಳಿಗಳು ದೂರವನ್ನು ಕುಗ್ಗಿಸಿ, ಬೋಲ್ಟ್ ಆ್ಯಕ್ಷನ್‌ನಲ್ಲಿರುವಂತೆ, ಬಂದೂಕಿನ ವ್ಯಾಪ್ತಿಯನ್ನು 24 ಇಂಚಿಗೆ ನಿಲ್ಲಿಸುತ್ತವೆ. ರಂಗಸ್ಥಳದಲ್ಲಿ ನಾಲ್ಕು ಹೆಜ್ಜೆಗೆ ಕಾಡು ದಾಟುವ ಪಾತ್ರವನ್ನು ಒಪ್ಪುವ ಪ್ರೇಕ್ಷಕರಿಗೆ ಇದು ಕಷ್ಟವಾಗಬಾರದು.

ಜೋಡಣೆ ಮತ್ತು ಬಣ್ಣಗಾರಿಕೆ ಈ ಆಟದ ಅರ್ಧ ಭಾಗ. ಕೆಲವರಿಗೆ ಅದೇ ಪೂರ್ತಿ. ಪ್ಲಾಸ್ಟಿಕ್ ಗೊಂಬೆಗಳು ಒಂದು ಚೌಕಟ್ಟಿಗೆ ಅಂಟಿಕೊಂಡ ಬಿಡಿ ಅಂಗಗಳಾಗಿ ಬರುತ್ತವೆ. ಅವುಗಳನ್ನು ಚಿಕ್ಕ ಕಟ್ಟರಿನಿಂದ ಬಿಡಿಸಿ, ಅಚ್ಚಿನ ಎರಡು ಭಾಗಗಳು ಕೂಡಿದಲ್ಲಿ ಉಳಿಯುವ ಸಣ್ಣ ಏಣನ್ನು ಬ್ಲೇಡಿನ ಬೆನ್ನಿನಿಂದ ಹೆರೆದು ತೆಗೆಯಬೇಕು. ಪ್ಲಾಸ್ಟಿಕ್ಕಿಗೆ ಮಾದರಿ ತಯಾರಕರ ಪ್ಲಾಸ್ಟಿಕ್ ಗೋಂದು ಒಳ್ಳೆಯದು, ಅದು ಎರಡು ಮೈಗಳನ್ನೂ ಕರಗಿಸಿ ಬೆಸೆಯುತ್ತದೆ. ಲೋಹಕ್ಕೂ ರಾಳದ ಗೊಂಬೆಗಳಿಗೂ ಸೂಪರ್ ಗ್ಲೂ ಬೇಕು. ರಾಳವನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಮುಖಗವಸು ಧರಿಸಿ, ಉಪ್ಪುಕಾಗದವನ್ನು ಒದ್ದೆ ಮಾಡಿಯೇ ಉಜ್ಜಬೇಕು. ಹಳೆಯ ಗೊಂಬೆಗಳಲ್ಲಿ ಸೀಸವಿರಬಹುದಾದ್ದರಿಂದ ಅವು ಮಕ್ಕಳ ಕೈಗೆ ಸಿಗಬಾರದು.

ಬಣ್ಣ ನಿಲ್ಲಲು ಮೊದಲು ಪ್ರೈಮರ್ ಎಂಬ ತಳಲೇಪ ಬೇಕು. ಇದನ್ನು ಸ್ಪ್ರೇ ಡಬ್ಬಿಯಿಂದ ಹೊಡೆಯುವುದು ಸುಲಭ, ಆದರೆ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಲೇಪ ಒರಟಾಗಿ ಬೂದಿ ಹಿಡಿದಂತಾಗುತ್ತದೆ; ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಕುಂಚದಿಂದ ಹಚ್ಚುವ ಪ್ರೈಮರೇ ಕ್ಷೇಮ. ಆಮೇಲೆ ಅಕ್ರಿಲಿಕ್ ಬಣ್ಣವನ್ನು ನೀರು ಬೆರೆಸಿ ತೆಳುಮಾಡಿ ಎರಡು ಸಲ ಹಚ್ಚಬೇಕು, ಡಬ್ಬಿಯಿಂದ ತೆಗೆದ ದಪ್ಪ ಬಣ್ಣ ಮುಖದ ಕೆತ್ತನೆಯನ್ನೇ ಮುಚ್ಚಿಬಿಡುತ್ತದೆ. ಬೇಸಿಗೆಯಲ್ಲಿ ಬಣ್ಣ ತಟ್ಟೆಯಲ್ಲೇ ಒಣಗುವುದನ್ನು ತಡೆಯಲು ಮುಚ್ಚಳವಿರುವ ಊಟದ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕರಿಯವರು ಬಳಸುವ ಕಾಗದ ಹಾಸಿ, ಬಣ್ಣವನ್ನು ಅದರ ಮೇಲೆ ಕಲಸಿಕೊಂಡರೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ತಳಬಣ್ಣ ಒಣಗಿದ ಮೇಲೆ ನೀರಿನಂತೆ ತೆಳುವಾದ ಗಾಢ ಬಣ್ಣವನ್ನು ಮೇಲೆ ಹರಿಯಬಿಟ್ಟರೆ ಅದು ಬಟ್ಟೆಯ ಮಡಿಕೆ, ಬೆರಳುಗಳ ಸಂದುಗಳಲ್ಲಿ ಇಳಿದು ನೆರಳಾಗುತ್ತದೆ. ಕೊನೆಗೆ ತಿಳಿಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಗೆ ಒರಸಿ ಹೆಚ್ಚುಕಡಿಮೆ ಒಣಗಿಸಿಕೊಂಡು ಮೇಲ್ಮೈ ಮೇಲೆ ಸವರಿದರೆ ಉಬ್ಬುಗಳಲ್ಲಿ ಮಾತ್ರ ಬೆಳಕು ಹಿಡಿಯುತ್ತದೆ. ತಳಬಣ್ಣ, ನೆರಳು, ಬೆಳಕು ಎಂಬ ಈ ಮೂರನ್ನು ಕಲಿತವರ ಸೇನೆ ಮೂರಡಿ ದೂರದಿಂದ ಸೊಗಸಾಗಿ ಕಾಣುತ್ತದೆ. ಆಟದಲ್ಲಿ ಕಣ್ಣು ಇರುವುದೂ ಅಷ್ಟೇ ದೂರದಲ್ಲಿ. ಪಾದದ ತಟ್ಟೆಗೆ ಗೋಂದು ಬಳಿದು ಮರಳು ಉದುರಿಸಿದರೆ ಸೈನಿಕನಿಗೆ ನೆಲ ಸಿಗುತ್ತದೆ, ಮ್ಯಾಟ್ ವಾರ್ನಿಷಿನ ಒಂದು ಲೇಪ ಬೆರಳುಗಳ ಸವೆತದಿಂದ ಕಾಪಾಡುತ್ತದೆ.

ರಣರಂಗದ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಮೇಜನ್ನು ಬಯಲಾಗಿ ಬಿಡುವುದು. ಮರೆಗೆ ಏನೂ ಇಲ್ಲದಿದ್ದರೆ ಮೊದಲು ಗುಂಡು ಹಾರಿಸಿದವನೇ ಗೆಲ್ಲುತ್ತಾನೆ, ನಡೆಯುವ ಪ್ರಶ್ನೆಯೇ ಏಳುವುದಿಲ್ಲ. ಮೇಜಿನ ಕಾಲುಭಾಗದಷ್ಟಾದರೂ ಗುಡ್ಡ, ಮನೆ, ತೋಪುಗಳಿಂದ ತುಂಬಿದರೆ ಯಾವ ದಾರಿಯಲ್ಲಿ ಸಾಗಬೇಕೆಂಬ ಆಲೋಚನೆ ಹುಟ್ಟುತ್ತದೆ. ಇದಕ್ಕೆ ದುಡ್ಡು ಬೇಕಿಲ್ಲ. ಬಟ್ಟೆಯ ಕೆಳಗೆ ಇಟ್ಟ ಪುಸ್ತಕಗಳು ಗುಡ್ಡವಾಗುತ್ತವೆ, ರಟ್ಟಿನ ಪೆಟ್ಟಿಗೆ ಮನೆಯಾಗುತ್ತದೆ, ಥರ್ಮೊಕೋಲನ್ನು ಕೊರೆದರೆ ಬಂಡೆಯಾಗುತ್ತದೆ. ಥರ್ಮೊಕೋಲಿಗೆ ಸ್ಪ್ರೇ ಬಣ್ಣ ಹೊಡೆದರೆ ಅದರಲ್ಲಿರುವ ದ್ರಾವಕ ಬಂಡೆಯನ್ನೇ ಕರಗಿಸುವುದರಿಂದ ಮೊದಲು ಗೋಂದು ಬೆರೆಸಿದ ಬಣ್ಣವನ್ನು ಕುಂಚದಿಂದ ಪೂರ್ತಿ ಬಳಿಯಬೇಕು.

ಎದುರಾಳಿಯ ಜೊತೆಗಿನ ನಡವಳಿಕೆಗೂ ಈ ಆಟದಲ್ಲಿ ಬರೆಯದ ಕಟ್ಟಳೆಗಳಿವೆ, ಏಕೆಂದರೆ ಮನೆಗಳಿಲ್ಲದ ಹಲಗೆಯ ಮೇಲೆ ಕೂದಲೆಳೆಯ ಅಂತರಕ್ಕೂ ತಕರಾರು ಹುಟ್ಟಬಹುದು. ಪಳಗಿದವರು ಚಲಿಸುವ ಮುನ್ನವೇ ತಮ್ಮ ಉದ್ದೇಶವನ್ನು ಹೇಳಿಬಿಡುತ್ತಾರೆ, ಆ ಗೋಡೆಯ ಹಿಂದೆ ಕಾಣದಂತೆ ನಿಲ್ಲಿಸುತ್ತಿರುವುದಾಗಿ ತಿಳಿಸಿ ಎದುರಾಳಿಯ ಒಪ್ಪಿಗೆ ಪಡೆದ ಮೇಲೆ ಗೊಂಬೆಯ ಕೈ ಅರ್ಧ ಮಿ.ಮೀ. ಹೊರಗೆ ಕಂಡಿತೆಂದು ವಾದ ಏಳುವುದಿಲ್ಲ. ಓರೆಯಾಗಿ ನಿಂತ ದಾಳವನ್ನು ಮತ್ತೆ ಉರುಳಿಸುವುದು, ಇನ್ನೊಬ್ಬರ ಗೊಂಬೆಯನ್ನು ಕೇಳದೆ ಮುಟ್ಟದಿರುವುದು ಎಲ್ಲೆಡೆ ಇರುವ ರೂಢಿ. ಬಣ್ಣ ಹಚ್ಚಿದ ಒಂದು ಗೊಂಬೆಯ ಹಿಂದೆ ಹಲವು ಸಂಜೆಗಳಿರುತ್ತವೆಂಬ ಅರಿವು ಅದರ ಮೂಲ. ನಿಯಮದ ಅರ್ಥ ಸ್ಪಷ್ಟವಾಗದಿದ್ದರೆ ಪುಸ್ತಕ ತಿರುವುತ್ತ ಕೂರದೆ ಒಂದು ದಾಳ ಉರುಳಿಸಿ ತೀರ್ಮಾನಿಸಿ ಮುಂದುವರಿದು, ಆಟ ಮುಗಿದ ಮೇಲೆ ಸಾವಧಾನವಾಗಿ ಓದುವುದು ಲೇಸು. ಜೊತೆಗಾರರು ಸಿಗದವರು ಎರಡೂ ಪಕ್ಷಗಳನ್ನು ತಾವೇ ಆಡಬಹುದು. ಚೀಲದ ದಾಳಗಳಿರುವ ಆಟಗಳು ಇದಕ್ಕೆ ಚೆನ್ನಾಗಿ ಒದಗುತ್ತವೆ, ಮುಂದಿನ ಸರದಿ ಯಾರದೆಂಬುದು ಆಡುವವನಿಗೂ ತಿಳಿದಿರುವುದಿಲ್ಲ.

ಮೊದಲ ಆಟಕ್ಕೆ ಪ್ರತಿ ಪಕ್ಷದಲ್ಲಿ ಎರಡೋ ಮೂರೋ ತುಕಡಿ, ನಡುವೆ ಒಂದು ಸೇತುವೆ ಅಥವಾ ಬಾವಿ, ಆರು ಸರದಿಗಳ ಕೊನೆಗೆ ಅದು ಯಾರ ವಶದಲ್ಲಿದೆಯೋ ಅವರದು ಗೆಲುವು ಎಂಬಷ್ಟು ಸರಳವಾದ ಕಥೆ ಸಾಕು. ಶತ್ರುವನ್ನು ನಿರ್ನಾಮ ಮಾಡುವುದಕ್ಕಿಂತ ಒಂದು ಜಾಗವನ್ನು ಹಿಡಿಯುವ ಗುರಿ ಇದ್ದಾಗ ಎರಡೂ ಕಡೆಯವರು ತಮ್ಮ ಮರೆಯಿಂದ ಹೊರಬರಲೇಬೇಕಾಗುತ್ತದೆ. ಆಟ ಮುಗಿದ ಮೇಲೆ ಮೇಜನ್ನು ಹಾಗೆಯೇ ಉಳಿಸಿ, ಗುಡ್ಡವನ್ನಾಗಲಿ ಸೇತುವೆಯನ್ನಾಗಲಿ ಕದಲಿಸದೆ, ಆಟಗಾರರು ಕುರ್ಚಿ ಬದಲಿಸಿಕೊಂಡು ಎದುರಾಳಿಯ ಸೇನೆಯಿಂದ ಅದೇ ಕಾಳಗವನ್ನು ಎರಡನೆಯ ಸಲ ಆಡುವ ಪದ್ಧತಿಯೊಂದಿದೆ. ಮೊದಲ ಸಲ ಸೋತವರು ದಾಳವನ್ನು ದೂರಿದ್ದರೋ, ನೆಲವನ್ನು ದೂರಿದ್ದರೋ, ಸೇನೆಯನ್ನು ದೂರಿದ್ದರೋ, ಈಗ ಅದೇ ನೆಲವನ್ನು ಇನ್ನೊಂದು ಬದಿಯಿಂದ ಬಗ್ಗಿ ನೋಡುತ್ತಾರೆ. ಆ ಕಡೆಯಿಂದ ಕಾಣದಿದ್ದ ತೋಪಿನ ಪಕ್ಕದ ತಗ್ಗು ಈ ಕಡೆಯಿಂದ ಕಾಣುತ್ತದೆ.